ಮುಕ್ತ ತಂತ್ರಾಂಶ ಯೋಜನೆಗಳ ದೇಣಿಗೆ ಮತ್ತು ಅದರ ಹಂಚಿಕೆ

ಮುಕ್ತ ತಂತ್ರಾಂಶ ಯೋಜನೆಗಳ ದೇಣಿಗೆ ಮತ್ತು ಅದರ ಹಂಚಿಕೆ ಎಂಬುದು, ಯಾರು ಬೇಕಾದರೂ ಬಳಸಬಹುದಾದ, ಓದಬಹುದಾದ, ತಿದ್ದಿ ಮರುಹಂಚಬಹುದಾದ ತಂತ್ರಾಂಶಗಳನ್ನು ಕಟ್ಟಲು ಮತ್ತು ಕಾಪಾಡಲು ಬೇಕಾದ ಹಣವನ್ನು ಎಲ್ಲಿಂದ ಪಡೆಯಬೇಕು, ಬಂದ ಹಣವನ್ನು ಯಾರಿಗೆ, ಎಷ್ಟು, ಯಾವ ನಿಯಮದಂತೆ ಕೊಡಬೇಕು ಎಂಬ ಪ್ರಶ್ನೆಗಳನ್ನು ಕುರಿತ ವಿಷಯವಾಗಿದೆ. ಇಂತಹ ತಂತ್ರಾಂಶಗಳಿಗೆ ಬೆಲೆಯಿಲ್ಲ. ಆದರೆ ಅವುಗಳ ತಯಾರಿಕೆಗೆ ಮತ್ತು ನಿರ್ವಹಣೆಗೆ ವೆಚ್ಚವಿದೆ. ಈ ವೆಚ್ಚವನ್ನು ವ್ಯಕ್ತಿಗಳ ವಂತಿಗೆ, ಕಂಪನಿಗಳ ನೆರವು, ಪ್ರತಿಷ್ಠಾನಗಳ ಅನುದಾನ ಮತ್ತು ಸರ್ಕಾರದ ಸಹಾಯದಿಂದ ಭರಿಸಲಾಗುತ್ತದೆ. ಕರ್ನಾಟಕದಲ್ಲಿ ಈ ವಿಷಯವು 2020ರ ನಂತರ ಹೆಚ್ಚಿನ ಮಹತ್ವ ಪಡೆದಿದೆ. ಬೆಂಗಳೂರಿನ ಫಾಸ್ ಯುನೈಟೆಡ್ ಸಂಸ್ಥೆ ಮತ್ತು ಜೆರೋಧಾ ಕಂಪನಿ 2024ರಲ್ಲಿ ಆರಂಭಿಸಿದ ಫ್ಲಾಸ್/ಫಂಡ್ ನಿಧಿ ಇದಕ್ಕೆ ಮುಖ್ಯ ನಿದರ್ಶನಗಳಾಗಿವೆ.

## ಪರಿಭಾಷೆ

ಇಂಗ್ಲಿಷಿನ 'ಫ್ರೀ ಸಾಫ್ಟ್‌ವೇರ್' ಎಂಬ ಪದದಲ್ಲಿ 'ಬೆಲೆಯಿಲ್ಲದ್ದು' ಮತ್ತು 'ಸ್ವತಂತ್ರವಾದದ್ದು' ಎಂಬ ಎರಡು ಅರ್ಥಗಳು ಬೆರೆತು ಗೊಂದಲವಾಗುತ್ತದೆ. ಕನ್ನಡದಲ್ಲಿ 'ಉಚಿತ' ಮತ್ತು 'ಮುಕ್ತ' ಎಂಬ ಎರಡು ಬೇರೆ ಪದಗಳಿರುವುದರಿಂದ ಆ ಗೊಂದಲಕ್ಕೆ ಅವಕಾಶವಿಲ್ಲ. ಉಚಿತವಾಗಿ ದೊರೆತರೂ ಒಳಗಿನ ಆಕರ ಸಂಕೇತವನ್ನು ತೋರಿಸದ ತಂತ್ರಾಂಶವು ಮುಕ್ತವಲ್ಲ. ಮುಕ್ತವಾದ ತಂತ್ರಾಂಶವನ್ನು ಹಣಕ್ಕೆ ಮಾರುವುದಕ್ಕೆ ಪರವಾನಗಿಯ ಅಡ್ಡಿಯಿಲ್ಲ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಪ್ರಕಟಿಸಿ 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸ್ಥಾಪಿಸಿದರು. 'ಓಪನ್ ಸೋರ್ಸ್' ಎಂಬ ಹೆಸರು 1998ರಲ್ಲಿ ಬಳಕೆಗೆ ಬಂದಿತು. ಈ ಲೇಖನದಲ್ಲಿ ಎರಡನ್ನೂ 'ಮುಕ್ತ ತಂತ್ರಾಂಶ' ಎಂದೇ ಕರೆಯಲಾಗಿದೆ.

ದೇಣಿಗೆ ಕೊಟ್ಟವರಿಗೆ ತಂತ್ರಾಂಶದ ಮೇಲೆ ವಿಶೇಷ ಹಕ್ಕು ಬರುವುದಿಲ್ಲ. ಕೊಡದವರಿಗೆ ಇರುವ ಹಕ್ಕು ಕಡಿಮೆಯಾಗುವುದೂ ಇಲ್ಲ. ದೇಣಿಗೆಯನ್ನು ಬೆಲೆಯಿಂದ ಬೇರ್ಪಡಿಸುವ ಮುಖ್ಯ ಲಕ್ಷಣ ಇದೇ ಆಗಿದೆ.

## ಸಮಸ್ಯೆಯ ಸ್ವರೂಪ

ಮುಕ್ತ ತಂತ್ರಾಂಶವನ್ನು ಊರಿನ ಕೆರೆಗೆ ಹೋಲಿಸಬಹುದು. ವಿಜಯಪುರ ಜಿಲ್ಲೆಯ ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ ಆದಿಲ್‌ಶಾಹಿ ಕಾಲದ ದೊಡ್ಡ ಕೆರೆಯಿದೆ. ಇಂತಹ ಕೆರೆಯನ್ನು ಒಮ್ಮೆ ಕಟ್ಟಿಸಿದವರ ಹೆಸರು ಇತಿಹಾಸದಲ್ಲಿ ಉಳಿಯುತ್ತದೆ. ವರ್ಷ ವರ್ಷವೂ ಹೂಳು ತೆಗೆದು ಏರಿ ಭದ್ರಪಡಿಸಿದವರ ಹೆಸರು ಉಳಿಯುವುದಿಲ್ಲ. ಆದರೆ ಹೂಳು ತೆಗೆಯದ ಕೆರೆಯಲ್ಲಿ ನೀರು ನಿಲ್ಲುವುದಿಲ್ಲ. ತಂತ್ರಾಂಶಕ್ಕೂ ಈ ಮಾತು ಅನ್ವಯಿಸುತ್ತದೆ. ದೋಷ ತಿದ್ದುವುದು, ಹೊಸ ಯಂತ್ರಗಳಿಗೆ ಹೊಂದಿಸುವುದು, ಬಳಕೆದಾರರ ಪ್ರಶ್ನೆಗಳಿಗೆ ಉತ್ತರಿಸುವುದು, ಕೈಪಿಡಿ ಬರೆಯುವುದು, ಭದ್ರತೆಯ ಲೋಪಗಳನ್ನು ಮುಚ್ಚುವುದು ಇವೆಲ್ಲವೂ ಮುಗಿಯದ ಕೆಲಸಗಳು.

ಕೆರೆಗೂ ತಂತ್ರಾಂಶಕ್ಕೂ ಒಂದು ವ್ಯತ್ಯಾಸವಿದೆ. ಒಬ್ಬರು ನೀರು ತೆಗೆದುಕೊಂಡರೆ ಇನ್ನೊಬ್ಬರಿಗೆ ಅಷ್ಟು ಕಡಿಮೆಯಾಗುತ್ತದೆ. ತಂತ್ರಾಂಶವನ್ನು ಕೋಟಿ ಜನ ಬಳಸಿದರೂ ಅದು ಸವೆಯುವುದಿಲ್ಲ. ಸವೆಯುವುದು ಅದನ್ನು ನೋಡಿಕೊಳ್ಳುವವರ ಸಮಯ ಮತ್ತು ಶಕ್ತಿ. ಬಳಕೆದಾರರ ಸಂಖ್ಯೆ ಹೆಚ್ಚಿದಷ್ಟೂ ದೂರು, ಬೇಡಿಕೆಗಳು ಹೆಚ್ಚುತ್ತವೆ. ಆದಾಯ ಮಾತ್ರ ತಾನಾಗಿ ಹೆಚ್ಚುವುದಿಲ್ಲ.

ಇದರ ಪರಿಣಾಮವು 2014ರ ಏಪ್ರಿಲ್‌ನಲ್ಲಿ ಜಗತ್ತಿಗೆ ತಿಳಿಯಿತು. ಅಂತರಜಾಲದ ಬಹುಪಾಲು ಸುರಕ್ಷಿತ ವ್ಯವಹಾರಗಳಿಗೆ ಆಧಾರವಾಗಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ 'ಹಾರ್ಟ್‌ಬ್ಲೀಡ್' ಎಂಬ ಗಂಭೀರ ದೋಷ ಪತ್ತೆಯಾಯಿತು. ಬ್ಯಾಂಕುಗಳೂ ದೊಡ್ಡ ಕಂಪನಿಗಳೂ ಅವಲಂಬಿಸಿದ್ದ ಈ ಯೋಜನೆಗೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್ ಮಾತ್ರವೆಂದೂ, ಪೂರ್ಣಕಾಲ ದುಡಿಯುತ್ತಿದ್ದವರು ಒಬ್ಬರೇ ಎಂದೂ ಆಗ ಬಹಿರಂಗವಾಯಿತು. ಅದೇ ತಿಂಗಳು ಲಿನಕ್ಸ್ ಫೌಂಡೇಶನ್ ದೊಡ್ಡ ಕಂಪನಿಗಳನ್ನು ಕೂಡಿಸಿ ಇಂತಹ ಮೂಲಸೌಕರ್ಯ ತಂತ್ರಾಂಶಗಳಿಗಾಗಿ ನಿಧಿಯೊಂದನ್ನು ತೆರೆಯಿತು. 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಎಂಬ ಕಡತ ಕುಗ್ಗಿಸುವ ತಂತ್ರಾಂಶದಲ್ಲಿ ಕಂಡುಬಂದ ಪ್ರಕರಣ ಇನ್ನೂ ಭಿನ್ನವಾದುದು. ದಣಿದಿದ್ದ ಏಕೈಕ ನಿರ್ವಾಹಕರಿಗೆ ನೆರವಾಗುವ ನೆಪದಲ್ಲಿ ಒಳಬಂದ ಅಪರಿಚಿತರೊಬ್ಬರು ಹಲವು ವರ್ಷ ವಿಶ್ವಾಸ ಗಳಿಸಿ, ಕೊನೆಗೆ ಅದರಲ್ಲಿ ಕಳ್ಳದಾರಿಯೊಂದನ್ನು ಸೇರಿಸಿದ್ದರು. ನಿರ್ವಾಹಕರ ಬಡತನ ಮತ್ತು ದಣಿವು ಅವರ ಖಾಸಗಿ ಕಷ್ಟವಷ್ಟೇ ಅಲ್ಲ, ಸಾರ್ವಜನಿಕ ಅಪಾಯವೂ ಹೌದು ಎಂಬುದನ್ನು ಈ ಎರಡು ಪ್ರಕರಣಗಳು ತೋರಿಸಿದವು.

## ಹಣದ ಮೂಲಗಳು

* ವ್ಯಕ್ತಿಗಳ ವಂತಿಗೆ: ಬಳಕೆದಾರರು ಒಮ್ಮೆ ಅಥವಾ ಪ್ರತಿ ತಿಂಗಳು ಕೊಡುವ ಚಿಕ್ಕ ಮೊತ್ತಗಳು. ಗಿಟ್‌ಹಬ್ ಸ್ಪಾನ್ಸರ್ಸ್ (2019), ಲಿಬೆರಾಪೇ (2015), ಓಪನ್ ಕಲೆಕ್ಟಿವ್ ಮುಂತಾದ ವೇದಿಕೆಗಳು ಇದಕ್ಕೆ ದಾರಿ ಮಾಡಿವೆ. ಭಾರತದಲ್ಲಿ ಯುಪಿಐ ಬಂದ ಮೇಲೆ ಹತ್ತು ರೂಪಾಯಿಯ ದೇಣಿಗೆಯನ್ನೂ ಖರ್ಚಿಲ್ಲದೆ ಕಳುಹಿಸುವುದು ಸಾಧ್ಯವಾಗಿದೆ.
* ಒಂದು ಗುರಿಗಾಗಿ ಸಂಗ್ರಹ: ಬ್ಲೆಂಡರ್ ಎಂಬ ಮೂರು ಆಯಾಮದ ಚಿತ್ರರಚನೆಯ ತಂತ್ರಾಂಶದ ಹಕ್ಕುಗಳನ್ನು ಹೂಡಿಕೆದಾರರಿಂದ ಬಿಡಿಸಿ ಮುಕ್ತಗೊಳಿಸಲು 2002ರಲ್ಲಿ 1 ಲಕ್ಷ ಯೂರೋ ಬೇಕಾಗಿತ್ತು. ಬಳಕೆದಾರರ ವಂತಿಗೆಯಿಂದ ಆ ಮೊತ್ತ ಏಳು ವಾರಗಳಲ್ಲಿ ಕೂಡಿತು.
* ಕಂಪನಿಗಳ ನೆರವು: ನೇರ ಹಣ, ಸರ್ವರ್ ಮುಂತಾದ ಸೌಲಭ್ಯ, ಅಥವಾ ತಮ್ಮ ನೌಕರರ ಸಮಯ. ಲಿನಕ್ಸ್ ಕರ್ನಲ್‌ನ ಬಹುಪಾಲು ಕೆಲಸ ನಡೆಯುವುದು ಕಂಪನಿಗಳ ಸಂಬಳ ಪಡೆಯುವವರಿಂದ.
* ಪ್ರತಿಷ್ಠಾನ ಮತ್ತು ಸರ್ಕಾರದ ಅನುದಾನ: ನೆದರ್ಲೆಂಡ್ಸ್‌ನ ಎನ್‌ಎಲ್‌ನೆಟ್ ಪ್ರತಿಷ್ಠಾನ, ಜರ್ಮನಿ ಸರ್ಕಾರದ ಹಣದಿಂದ 2022ರಲ್ಲಿ ಆರಂಭವಾದ ಸಾವರಿನ್ ಟೆಕ್ ಫಂಡ್ ಇದಕ್ಕೆ ಉದಾಹರಣೆಗಳು.
* ಸೇವೆಯ ಆದಾಯ: ತರಬೇತಿ, ಅಳವಡಿಕೆ, ದುರಸ್ತಿಗಳಿಗೆ ಪಡೆಯುವ ಶುಲ್ಕ. ಇದು ದೇಣಿಗೆಯಲ್ಲ, ಆದರೆ ಅನೇಕ ಯೋಜನೆಗಳಿಗೆ ದೇಣಿಗೆಗಿಂತ ಸ್ಥಿರವಾದ ಆಧಾರ.

ಒಂದೇ ಮೂಲವನ್ನು ನೆಚ್ಚಿಕೊಂಡ ಯೋಜನೆ ಆ ಮೂಲ ಬತ್ತಿದಾಗ ಕಷ್ಟಕ್ಕೆ ಸಿಲುಕುತ್ತದೆ. ಜಾವಾಸ್ಕ್ರಿಪ್ಟ್ ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿದ್ದ ಬೇಬಲ್ ಯೋಜನೆಯು, ಲಕ್ಷಾಂತರ ಜನ ಬಳಸುವ ತನ್ನಲ್ಲಿ ಹಣ ಏಕೆ ಮುಗಿಯುತ್ತಿದೆ ಎಂದು 2021ರ ಮೇ ತಿಂಗಳಲ್ಲಿ ಬಹಿರಂಗವಾಗಿ ಪ್ರಶ್ನಿಸಿ, ಸಂಬಳ ಇಳಿಸಬೇಕಾಯಿತು.

## ಹಣವನ್ನು ಇಡುವ ವ್ಯವಸ್ಥೆ

ಹಂಚಿಕೆಗಿಂತ ಮೊದಲು, ಹಣ ಯಾರ ಖಾತೆಗೆ ಬರಬೇಕು ಎಂಬುದನ್ನು ನಿರ್ಧರಿಸಬೇಕಾಗುತ್ತದೆ. ಇದಕ್ಕೆ ಮೂರು ದಾರಿಗಳಿವೆ.

ಮೊದಲನೆಯದು ಒಬ್ಬ ವ್ಯಕ್ತಿಯ ಸ್ವಂತ ಖಾತೆ. ಇದು ಸುಲಭವಾದದ್ದು, ಆದರೆ ಆ ವ್ಯಕ್ತಿಯ ಮನೆಖರ್ಚು ಮತ್ತು ಯೋಜನೆಯ ಹಣ ಬೆರೆಯುತ್ತವೆ. ತೆರಿಗೆಯ ಹೊಣೆ ಅವರೊಬ್ಬರ ಮೇಲೆ ಬೀಳುತ್ತದೆ. ಅವರು ಯೋಜನೆ ಬಿಟ್ಟರೆ ಅಥವಾ ತೀರಿಕೊಂಡರೆ ಹಣವನ್ನು ಹೊರತೆಗೆಯುವುದು ಕಠಿಣ.

ಎರಡನೆಯದು ಸ್ವಂತ ಸಂಸ್ಥೆಯನ್ನು ನೋಂದಾಯಿಸುವುದು. ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ (1999) ಹೀಗೆ ಹುಟ್ಟಿತು. ಇದಕ್ಕೆ ಆಡಳಿತ ಮಂಡಳಿ, ವಾರ್ಷಿಕ ಸಭೆ, ಲೆಕ್ಕಪರಿಶೋಧನೆ ಬೇಕು.

ಮೂರನೆಯದು, ಈಗಾಗಲೇ ನೋಂದಣಿಯಾದ ಸಂಸ್ಥೆಯ ಆಶ್ರಯ ಪಡೆಯುವುದು. ಆ ಸಂಸ್ಥೆಯೇ ದೇಣಿಗೆ ಪಡೆದು, ಲೆಕ್ಕ ಇಟ್ಟು, ಯೋಜನೆಯ ಸೂಚನೆಯಂತೆ ಪಾವತಿ ಮಾಡುತ್ತದೆ. ಇದಕ್ಕಾಗಿ ದೇಣಿಗೆಯ ಒಂದು ಅಂಶವನ್ನು ಇಟ್ಟುಕೊಳ್ಳುತ್ತದೆ. ಡೆಬಿಯನ್‌ಗಾಗಿ ಹುಟ್ಟಿದ ಸಾಫ್ಟ್‌ವೇರ್ ಇನ್ ದ ಪಬ್ಲಿಕ್ ಇಂಟರೆಸ್ಟ್ (1997) ಮತ್ತು ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ (2006) ಇಂತಹ ಆಶ್ರಯ ಸಂಸ್ಥೆಗಳು. ಆಶ್ರಯ ಶಾಶ್ವತವೆಂದು ಭಾವಿಸುವಂತಿಲ್ಲ. ಓಪನ್ ಕಲೆಕ್ಟಿವ್ ಫೌಂಡೇಶನ್ ಎಂಬ ಅಮೆರಿಕದ ಆಶ್ರಯ ಸಂಸ್ಥೆಯು ತಾನು ಮುಚ್ಚುವುದಾಗಿ 2024ರ ಆರಂಭದಲ್ಲಿ ಪ್ರಕಟಿಸಿದಾಗ, ಅದನ್ನು ನಂಬಿದ್ದ ನೂರಾರು ಗುಂಪುಗಳು ವರ್ಷದೊಳಗೆ ಬೇರೆ ನೆಲೆ ಹುಡುಕಬೇಕಾಯಿತು.

## ಹಂಚಿಕೆಯ ವಿಧಾನಗಳು

ಬಂದ ಹಣವನ್ನು ಹಂಚುವುದಕ್ಕೆ ಎಲ್ಲರೂ ಒಪ್ಪಿದ ಒಂದೇ ಸೂತ್ರವಿಲ್ಲ. ರೂಢಿಯಲ್ಲಿರುವ ಮುಖ್ಯ ವಿಧಾನಗಳು ಇವು:

ಹಂಚದೆ ಸಾಮಾನ್ಯ ಖರ್ಚಿಗೆ ಬಳಸುವುದು. ಸರ್ವರ್, ಜಾಲತಾಣದ ಹೆಸರು, ಸಮ್ಮೇಳನಕ್ಕೆ ಬರುವವರ ಪ್ರಯಾಣ ಇವುಗಳಿಗೆ ಮಾತ್ರ ಹಣ ವಿನಿಯೋಗಿಸಿ, ತಂತ್ರಾಂಶ ಬರೆಯುವ ಕೆಲಸಕ್ಕೆ ಯಾರಿಗೂ ಕೊಡದಿರುವುದು. ಅಪಾಚೆ ಪ್ರತಿಷ್ಠಾನ ಈ ನೀತಿಯನ್ನು ಅನುಸರಿಸುತ್ತದೆ. ವಿಕಿಪೀಡಿಯದಲ್ಲಿಯೂ ಓದುಗರ ದೇಣಿಗೆ ವಿಕಿಮೀಡಿಯ ಪ್ರತಿಷ್ಠಾನಕ್ಕೆ ಸೇರುತ್ತದೆ. ಲೇಖನ ಬರೆಯುವುದಕ್ಕೆ ಪ್ರತಿಷ್ಠಾನ ಸಂಪಾದಕರಿಗೆ ಸಂಭಾವನೆ ಕೊಡುವುದಿಲ್ಲ.

ಖರ್ಚಿನ ಬಿಲ್ಲಿನ ಮೇಲೆ ಪಾವತಿ. ಸದಸ್ಯರು ತಾವು ಮಾಡಿದ ಖರ್ಚು ಅಥವಾ ಕೆಲಸದ ಬಿಲ್ಲು ಸಲ್ಲಿಸುತ್ತಾರೆ, ನಿರ್ವಾಹಕರು ಒಪ್ಪಿಗೆ ಕೊಡುತ್ತಾರೆ, ಪ್ರತಿಯೊಂದು ಪಾವತಿಯೂ ಸಾರ್ವಜನಿಕವಾಗಿ ಕಾಣುತ್ತದೆ. ಓಪನ್ ಕಲೆಕ್ಟಿವ್ ವೇದಿಕೆಯ ಕ್ರಮ ಇದು.

ಸಮಪಾಲು. ಎಲ್ಲ ಸಕ್ರಿಯ ಸದಸ್ಯರಿಗೆ ಒಂದೇ ಮೊತ್ತ. ಜಗಳ ಕಡಿಮೆ, ಲೆಕ್ಕ ಸರಳ. ಆದರೆ 'ಸಕ್ರಿಯ' ಎಂದರೆ ಯಾರು ಎಂಬ ಪ್ರಶ್ನೆ ಉಳಿಯುತ್ತದೆ.

ಕೊಡುಗೆಯ ಅಳತೆ. ಸೇರಿಸಿದ ಬದಲಾವಣೆಗಳ ಅಥವಾ ಸಾಲುಗಳ ಸಂಖ್ಯೆಯನ್ನು ಆಧರಿಸಿದ ಹಂಚಿಕೆ. ಯಂತ್ರವೇ ಎಣಿಸುವುದರಿಂದ ನಿಷ್ಪಕ್ಷಪಾತವೆಂದು ತೋರುತ್ತದೆ. ಆದರೆ ಎಣಿಕೆಗೆ ಸಿಗದ ಪರಿಶೀಲನೆ, ಅನುವಾದ, ದಾಖಲೆ, ಬಳಕೆದಾರರ ನೆರವು ಇವು ಲೆಕ್ಕಕ್ಕೆ ಬರುವುದಿಲ್ಲ. ಸಂಖ್ಯೆಗೆ ಹಣ ಕಟ್ಟಿದೊಡನೆ ಒಂದು ಬದಲಾವಣೆಯನ್ನು ಹತ್ತು ತುಂಡು ಮಾಡಿ ಸಲ್ಲಿಸುವ ಆಮಿಷವೂ ಹುಟ್ಟುತ್ತದೆ.

ಗಂಟೆಯ ಲೆಕ್ಕ. ಪ್ರತಿ ಗಂಟೆಗೆ ನಿಗದಿತ ದರ. ಕಾಣದ ಕೆಲಸಕ್ಕೂ ಬೆಲೆ ಸಿಗುತ್ತದೆ. ಆದರೆ ಸದಸ್ಯರ ಪ್ರಾಮಾಣಿಕತೆಯನ್ನು ನಂಬಬೇಕಾಗುತ್ತದೆ.

ಕೆಲಸಕ್ಕೆ ಬಹುಮಾನ. ನಿರ್ದಿಷ್ಟ ದೋಷವನ್ನು ತಿದ್ದಿದವರಿಗೆ ಮೊದಲೇ ಘೋಷಿಸಿದ ಮೊತ್ತ. ಸಣ್ಣ, ಸ್ಪಷ್ಟ ಕೆಲಸಗಳಿಗೆ ಇದು ಹೊಂದುತ್ತದೆ. ದೀರ್ಘಕಾಲದ ಪಾಲನೆಗೆ ಹೊಂದುವುದಿಲ್ಲ. ಬಹುಮಾನ ಪಡೆದವರು ನಾಳೆ ಆ ಭಾಗವನ್ನು ನೋಡಿಕೊಳ್ಳುವ ಹೊಣೆ ಹೊರುವುದಿಲ್ಲ.

ನೇಮಕ. ಒಬ್ಬರು ಅಥವಾ ಇಬ್ಬರಿಗೆ ಪೂರ್ಣಕಾಲಿಕ ಸಂಬಳ. ಕೆಲಸ ನಿಯಮಿತವಾಗಿ ಸಾಗುತ್ತದೆ, ಆದರೆ ಉಳಿದ ಸ್ವಯಂಸೇವಕರೊಡನೆ ಅಂತರ ಉಂಟಾಗಬಹುದು.

ಸ್ವಯಂ ನಿರ್ಧಾರ. ಲಿಬೆರಾಪೇ ವೇದಿಕೆಯ ತಂಡಗಳಲ್ಲಿ ಪ್ರತಿಯೊಬ್ಬ ಸದಸ್ಯರೂ ತಮ್ಮ ಪಾಲು ಎಷ್ಟಿರಬೇಕೆಂದು ತಾವೇ ಸೂಚಿಸುತ್ತಾರೆ. ಉಳಿದವರಿಗೆ ಅದು ಕಾಣುತ್ತದೆ. ಪರಸ್ಪರ ಪರಿಚಯವಿರುವ ಚಿಕ್ಕ ತಂಡಗಳಲ್ಲಿ ಸಂಕೋಚವೇ ಅಂಕುಶವಾಗುತ್ತದೆ.

ಮೇಲಿನ ಯೋಜನೆಗಳಿಗೆ ಪಾಲು. ಒಂದು ತಂತ್ರಾಂಶವು ತಾನು ಅವಲಂಬಿಸಿರುವ ಇತರ ಮುಕ್ತ ತಂತ್ರಾಂಶಗಳಿಗೆ ತನ್ನ ದೇಣಿಗೆಯ ಒಂದಂಶವನ್ನು ಸಲ್ಲಿಸುವುದು. ಕಾಲುವೆಯ ಕೊನೆಯ ರೈತನಿಗೆ ನೀರು ಸಿಗಬೇಕಾದರೆ ಮೇಲಿನ ತೂಬು ಸುಸ್ಥಿತಿಯಲ್ಲಿರಬೇಕು ಎಂಬ ತತ್ತ್ವ ಇದರ ಹಿಂದಿದೆ.

### ಒಂದು ಲೆಕ್ಕದ ಉದಾಹರಣೆ

ವಿಧಾನ ಬದಲಾದರೆ ಫಲ ಎಷ್ಟು ಬದಲಾಗುತ್ತದೆ ಎಂಬುದನ್ನು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಕನ್ನಡದ ಕಾಗುಣಿತ ಪರೀಕ್ಷಕ ತಂತ್ರಾಂಶವೊಂದಕ್ಕೆ ವರ್ಷದಲ್ಲಿ 60,000 ರೂಪಾಯಿ ದೇಣಿಗೆ ಬಂದಿದೆ ಎಂದುಕೊಳ್ಳೋಣ. ಸರ್ವರ್ ಮತ್ತು ಜಾಲತಾಣದ ಖರ್ಚು 12,000, ಮುಂದಿನ ವರ್ಷಕ್ಕೆ ತೆಗೆದಿಟ್ಟದ್ದು 12,000, ಉಳಿದದ್ದು 36,000. ತಂಡದಲ್ಲಿ ನಾಲ್ವರಿದ್ದಾರೆ. ಮೊದಲನೆಯವರು 120 ಗಂಟೆ ದುಡಿದು ಬದಲಾವಣೆಗಳಲ್ಲಿ ಶೇ. 70ರಷ್ಟನ್ನು ಬರೆದಿದ್ದಾರೆ. ಎರಡನೆಯವರು 60 ಗಂಟೆ ಕೂತು ಪದಪಟ್ಟಿಯನ್ನು ತಿದ್ದಿಕೊಟ್ಟಿದ್ದಾರೆ. ಸಂಕೇತ ಬರೆಯಲು ಬಾರದ ಕಾರಣ ಅವರ ತಿದ್ದುಪಡಿಗಳನ್ನು ಮೊದಲನೆಯವರೇ ಸೇರಿಸಿದ್ದಾರೆ. ಮೂರನೆಯವರು 40 ಗಂಟೆ ಮತ್ತು ಶೇ. 20, ನಾಲ್ಕನೆಯವರು 20 ಗಂಟೆ ಮತ್ತು ಶೇ. 10.

* ಸಮಪಾಲಿನಂತೆ ನಾಲ್ವರಿಗೂ ತಲಾ 9,000 ರೂಪಾಯಿ.
* ಗಂಟೆಯ ಲೆಕ್ಕದಂತೆ, ಗಂಟೆಗೆ 150 ರೂಪಾಯಿಯಾಗಿ, ಕ್ರಮವಾಗಿ 18,000, 9,000, 6,000 ಮತ್ತು 3,000.
* ಬದಲಾವಣೆಗಳ ಎಣಿಕೆಯಂತೆ ಕ್ರಮವಾಗಿ 25,200, ಸೊನ್ನೆ, 7,200 ಮತ್ತು 3,600.

ಪದಪಟ್ಟಿ ತಿದ್ದಿದವರಿಲ್ಲದೆ ಕಾಗುಣಿತ ಪರೀಕ್ಷಕಕ್ಕೆ ಅರ್ಥವಿಲ್ಲ. ಆದರೂ ಮೂರನೆಯ ವಿಧಾನದಲ್ಲಿ ಅವರಿಗೆ ಏನೂ ದೊರೆಯದು. ಭಾಷೆಗೆ ಸಂಬಂಧಿಸಿದ ತಂತ್ರಾಂಶಗಳಲ್ಲಿ ಭಾಷಾಜ್ಞರ ದುಡಿಮೆ ಹೆಚ್ಚಿರುವುದರಿಂದ ಎಣಿಕೆಯ ವಿಧಾನ ಅವುಗಳಿಗೆ ವಿಶೇಷವಾಗಿ ಒಗ್ಗುವುದಿಲ್ಲ. ಸಮಪಾಲು ಮತ್ತು ಗಂಟೆಯ ಲೆಕ್ಕ ಎರಡರಲ್ಲಿಯೂ ಅವರಿಗೆ 9,000 ರೂಪಾಯಿಯೇ ಬರುತ್ತದೆ. ಆದರೆ ಸಮಪಾಲಿನಲ್ಲಿ ಎಲ್ಲರಿಗಿಂತ ಹೆಚ್ಚು ದುಡಿದವರಿಗೆ ಸಿಗುವುದು ಗಂಟೆಯ ಲೆಕ್ಕದ ಅರ್ಧ ಮಾತ್ರ ಎಂಬುದನ್ನೂ ಗಮನಿಸಬೇಕು.

## ಹಣ ಮತ್ತು ಸ್ವಯಂಸೇವೆ: ಡೆಬಿಯನ್ ವಿವಾದ

ಸ್ವಯಂಸೇವೆಯಿಂದ ನಡೆಯುವ ಕೆಲಸಕ್ಕೆ ಹಣ ಸೇರಿಸಿದರೆ ಆ ಸೇವಾಭಾವವೇ ಕುಂದೀತೇ ಎಂಬ ಚರ್ಚೆ ಹಳೆಯದು. ಬ್ರಿಟನ್ನಿನ ವಿದ್ವಾಂಸ ರಿಚರ್ಡ್ ಟಿಟ್ಮಸ್ 1970ರ ತಮ್ಮ ಗ್ರಂಥದಲ್ಲಿ, ರಕ್ತಕ್ಕೆ ಹಣ ಕೊಡುವ ಪದ್ಧತಿಯು ರಕ್ತದಾನದ ಮನೋಭಾವವನ್ನು ಕುಗ್ಗಿಸುತ್ತದೆ ಎಂದು ವಾದಿಸಿದ್ದರು.

ಮುಕ್ತ ತಂತ್ರಾಂಶ ಕ್ಷೇತ್ರದಲ್ಲಿ ಇದರ ಪ್ರಸಿದ್ಧ ಪರೀಕ್ಷೆ 2006ರಲ್ಲಿ ಡೆಬಿಯನ್ ಯೋಜನೆಯಲ್ಲಿ ನಡೆಯಿತು. ಸಂಪೂರ್ಣವಾಗಿ ಸ್ವಯಂಸೇವಕರಿಂದ ನಡೆಯುತ್ತಿದ್ದ ಈ ಯೋಜನೆಯ ಮುಂದಿನ ಆವೃತ್ತಿ ಸಕಾಲದಲ್ಲಿ ಹೊರಬರಲೆಂದು, ಆಗಿನ ನಾಯಕ ಆಂಥನಿ ಟೌನ್ಸ್ ಮತ್ತು ಕೆಲವರು 'ಡಂಕ್-ಟ್ಯಾಂಕ್' ಎಂಬ ಪ್ರತ್ಯೇಕ ನಿಧಿ ಮಾಡಿ ಇಬ್ಬರು ಬಿಡುಗಡೆ ನಿರ್ವಾಹಕರಿಗೆ ತಲಾ ಒಂದು ತಿಂಗಳ ಸಂಬಳ ಕೊಡುವ ಏರ್ಪಾಡು ಮಾಡಿದರು. ಅವರಿಗೆ ಹಣ, ನಮಗೆ ಏಕಿಲ್ಲ ಎಂಬ ಅಸಮಾಧಾನ ಹುಟ್ಟಿತು. ಕೆಲವರು ತಮ್ಮ ಕೆಲಸವನ್ನು ಕಡಿಮೆ ಮಾಡಿದರು. ನಾಯಕನನ್ನು ಇಳಿಸುವ ಪ್ರಸ್ತಾವವೂ ಬಂದು ಬಿದ್ದುಹೋಯಿತು. 2006ರ ಡಿಸೆಂಬರ್‌ಗೆ ಗೊತ್ತಾಗಿದ್ದ ಆವೃತ್ತಿ ಹೊರಬಂದದ್ದು 2007ರ ಏಪ್ರಿಲ್‌ನಲ್ಲಿ.

ವಿಳಂಬಕ್ಕೆ ಈ ವಿವಾದವೊಂದೇ ಕಾರಣವೆಂದು ಹೇಳಲಾಗದು. ಆದರೂ ಸಮುದಾಯದ ಒಪ್ಪಿಗೆಯಿಲ್ಲದೆ ಕೆಲವರೇ ಆರಿಸಿ ಕೊಟ್ಟ ಹಣ ಹೊರೆಯಾಗಬಹುದು ಎಂಬುದಕ್ಕೆ ಇದನ್ನು ಉದಾಹರಿಸಲಾಗುತ್ತದೆ. ಇದಕ್ಕೆ ಪ್ರತಿಯಾದ ವಾದವೂ ಬಲವಾಗಿದೆ. ಯಾರಿಗೂ ಹಣ ಕೊಡದಿದ್ದರೆ, ಬಿಡುವು ಮತ್ತು ಅನುಕೂಲ ಉಳ್ಳವರು ಮಾತ್ರ ಸ್ವಯಂಸೇವಕರಾಗಲು ಸಾಧ್ಯ. ಸಂಜೆಯ ದುಡಿಮೆಯಿಂದ ಓದಿನ ಖರ್ಚು ತೂಗಿಸುವ ಹಳ್ಳಿಯ ವಿದ್ಯಾರ್ಥಿ, ಪ್ರತಿಭೆಯಿದ್ದರೂ, ಹೊರಗೆ ಉಳಿಯುತ್ತಾನೆ.

## ಕರ್ನಾಟಕದಲ್ಲಿ

### ಪೂರ್ವನಿದರ್ಶನ: ಫ. ಗು. ಹಳಕಟ್ಟಿ

ಎಲ್ಲರಿಗೂ ಸೇರಿದ ಜ್ಞಾನಸಂಪತ್ತನ್ನು ಒಬ್ಬರ ಕೈಹಣದಿಂದ ಕಾಪಾಡಿದ ದೊಡ್ಡ ನಿದರ್ಶನ ವಿಜಯಪುರದಲ್ಲಿಯೇ ಇದೆ. ವಕೀಲರಾಗಿದ್ದ ಫ. ಗು. ಹಳಕಟ್ಟಿ (1880–1964) ಅವರು ಓಲೆಗರಿಗಳಲ್ಲಿ ಚದುರಿಹೋಗಿದ್ದ ವಚನಗಳನ್ನು ಸಂಗ್ರಹಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. 1925ರಲ್ಲಿ ತಮ್ಮ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಮತ್ತು 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಯಲ್ಲಿ ಪ್ರಮುಖ ಪಾತ್ರ ವಹಿಸಿದವರೂ ಅವರೇ. ಸದಸ್ಯರು, ನಿಯಮಗಳು, ಲೆಕ್ಕಪತ್ರಗಳಿದ್ದ ಆ ಎರಡು ಸಂಸ್ಥೆಗಳು ಅವರ ಕಾಲದ ನಂತರವೂ ಬೆಳೆದವು. ವಚನ ಪ್ರಕಟಣೆಯ ಭಾರ ಮಾತ್ರ ಬಹುಮಟ್ಟಿಗೆ ಅವರ ಹೆಗಲ ಮೇಲೆಯೇ ಉಳಿಯಿತು. ಒಬ್ಬರ ತ್ಯಾಗದಿಂದ ಕೆಲಸ ಆರಂಭವಾಗಬಹುದು, ಅದು ಮುಂದುವರಿಯಲು ವ್ಯವಸ್ಥೆ ಬೇಕು ಎಂಬ ಮಾತು ಇಂದಿನ ತಂತ್ರಾಂಶ ಯೋಜನೆಗಳಿಗೂ ಸಲ್ಲುತ್ತದೆ.

ಅದೇ ವಚನ ಸಾಹಿತ್ಯವನ್ನು 'ವಚನ ಸಂಚಯ' ಯೋಜನೆಯ ಸ್ವಯಂಸೇವಕರು ಯೂನಿಕೋಡ್‌ನಲ್ಲಿ ಹುಡುಕಬಹುದಾದ ಜಾಲತಾಣವಾಗಿ ರೂಪಿಸಿದ್ದಾರೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ರಚಿಸಿದ 'ಅಲರ್' ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ಮುಕ್ತ ಪರವಾನಗಿಯಡಿ ಅಂತರಜಾಲಕ್ಕೆ ಬಂದಿತು; ಅದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ.

### ಫಾಸ್ ಯುನೈಟೆಡ್

2020ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಫಾಸ್ ಯುನೈಟೆಡ್ ಲಾಭರಹಿತ ಸಂಸ್ಥೆ. ಭಾರತದ ಮುಕ್ತ ತಂತ್ರಾಂಶ ಯೋಜನೆಗಳಿಗೆ ಅನುದಾನ, ನಗರ ಘಟಕಗಳು, ವಿದ್ಯಾರ್ಥಿಗಳಿಗಾಗಿ ಸ್ಪರ್ಧೆಗಳು ಮತ್ತು ವಾರ್ಷಿಕ ಸಮ್ಮೇಳನವನ್ನು ಅದು ನಡೆಸುತ್ತದೆ. ಮುಕ್ತ ತಂತ್ರಾಂಶವನ್ನು ಬಳಸಿ ಬೆಳೆದ ಭಾರತೀಯ ಕಂಪನಿಗಳ ನೆರವು ಇದರ ಆದಾಯದ ಮುಖ್ಯ ಮೂಲ.

### ಫ್ಲಾಸ್/ಫಂಡ್

ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಜೆರೋಧಾ 2024ರ ಅಕ್ಟೋಬರ್‌ನಲ್ಲಿ ಫ್ಲಾಸ್/ಫಂಡ್ ಎಂಬ ನಿಧಿಯನ್ನು ಪ್ರಕಟಿಸಿತು. ವರ್ಷಕ್ಕೆ ಒಟ್ಟು 10 ಲಕ್ಷ ಡಾಲರ್. ಒಂದು ಯೋಜನೆಗೆ 10,000ದಿಂದ 1 ಲಕ್ಷ ಡಾಲರ್ ತನಕ. ಜಗತ್ತಿನ ಯಾವ ಭಾಗದ ಯೋಜನೆಯಾದರೂ ಅರ್ಜಿ ಹಾಕಬಹುದು. ತನ್ನ ವ್ಯವಹಾರವೆಲ್ಲ ಮುಕ್ತ ತಂತ್ರಾಂಶದ ಅಡಿಪಾಯದ ಮೇಲೆ ನಿಂತಿರುವುದನ್ನು ಕಂಪನಿಯು ಇದಕ್ಕೆ ಕಾರಣವಾಗಿ ಹೇಳಿತು.

ಈ ನಿಧಿಯ ವಿಶೇಷವೆಂದರೆ ಅರ್ಜಿಯ ರೂಪ. ಯೋಜನೆಯು 'ಫಂಡಿಂಗ್ ಡಾಟ್ ಜೇಸನ್' ಎಂಬ ಚಿಕ್ಕ ಕಡತವನ್ನು ತನ್ನ ಜಾಲತಾಣದಲ್ಲಿ ಅಥವಾ ಸಂಕೇತ ಭಂಡಾರದಲ್ಲಿ ಇಡುತ್ತದೆ. ಯೋಜನೆ ಯಾರದು, ಎಷ್ಟು ಹಣ ಬೇಕು, ಯಾವ ಮಾರ್ಗದಿಂದ ಕಳುಹಿಸಬೇಕು, ಹಿಂದಿನ ವರ್ಷಗಳ ಆದಾಯ ಮತ್ತು ಖರ್ಚು ಎಷ್ಟು ಎಂಬ ವಿವರಗಳಿಗೆ ಅದರಲ್ಲಿ ಸ್ಥಾನವಿದೆ. ಹೀಗೆ ಪ್ರಕಟವಾದ ಬೇಡಿಕೆಗಳ ಪಟ್ಟಿಯನ್ನು ಬೇರೆ ದಾನಿಗಳೂ ನೋಡಬಹುದು. ಸಾಮಾನ್ಯವಾಗಿ ಗುಟ್ಟಾಗಿ ನಡೆಯುವ ಬೇಡುವ ಕೆಲಸವನ್ನು ಇದು ಸಾರ್ವಜನಿಕ ದಾಖಲೆಯಾಗಿ ಮಾರ್ಪಡಿಸಿತು.

## ಭಾರತದ ಕಾನೂನು

ಭಾರತದಲ್ಲಿ ದೇಣಿಗೆ ಪಡೆಯಬಯಸುವ ತಂಡವು ಸಾಮಾನ್ಯವಾಗಿ ಮೂರು ರೂಪಗಳಲ್ಲಿ ಒಂದನ್ನು ಆರಿಸುತ್ತದೆ: ಟ್ರಸ್ಟ್, ಸಂಘ (ಕರ್ನಾಟಕದಲ್ಲಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ), ಅಥವಾ ಕಂಪನಿ ಕಾಯ್ದೆ, 2013ರ 8ನೆಯ ಕಲಮಿನಡಿ ಲಾಭರಹಿತ ಕಂಪನಿ.

* ದಾನಿಗೆ ತೆರಿಗೆ ವಿನಾಯಿತಿ ದೊರೆಯಬೇಕಾದರೆ, ಜನರು '80ಜಿ' ಎಂದು ಕರೆಯುವ ಮಾನ್ಯತೆ ಸಂಸ್ಥೆಗೆ ಇರಬೇಕು. 2,000 ರೂಪಾಯಿಗೆ ಮೀರಿದ ನಗದು ದೇಣಿಗೆಗೆ ಈ ವಿನಾಯಿತಿ ಇಲ್ಲ.
* ಸಂಬಂಧಿಕರಲ್ಲದವರಿಂದ ವ್ಯಕ್ತಿಯೊಬ್ಬರಿಗೆ ಒಂದು ಆರ್ಥಿಕ ವರ್ಷದಲ್ಲಿ ಬಂದ ಹಣದ ಕೊಡುಗೆ 50,000 ರೂಪಾಯಿ ಮೀರಿದರೆ ಇಡೀ ಮೊತ್ತ ತೆರಿಗೆಗೆ ಒಳಪಡುತ್ತದೆ. ಮಾಡಿದ ಕೆಲಸಕ್ಕೆ ಪಡೆದ ಹಣ ಕೊಡುಗೆಯಲ್ಲ, ಆದಾಯ.
* ಸಂಸ್ಥೆಯು ವಿದೇಶದ ದೇಣಿಗೆ ಪಡೆಯಲು ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, 2010ರ ಅಡಿ ನೋಂದಣಿ ಅಥವಾ ಪೂರ್ವಾನುಮತಿ ಪಡೆಯಬೇಕು. 2020ರ ತಿದ್ದುಪಡಿಯಂತೆ ಅದು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಗೊತ್ತಾದ ಶಾಖೆಗೆ ಬರಬೇಕು, ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ, ಆಡಳಿತ ವೆಚ್ಚ ಶೇ. 20ನ್ನು ಮೀರುವಂತಿಲ್ಲ. ವ್ಯವಹಾರದ ಸಾಮಾನ್ಯ ಕ್ರಮದಲ್ಲಿ ಮಾಡಿದ ಸೇವೆಗೆ ಬಂದ ಶುಲ್ಕ ಈ ಕಾಯ್ದೆಯ ಅರ್ಥದಲ್ಲಿ ವಿದೇಶಿ ವಂತಿಗೆಯಾಗುವುದಿಲ್ಲ.
* ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. ಶಿಕ್ಷಣದಂತಹ, ಕಾಯ್ದೆಯ 7ನೆಯ ಅನುಸೂಚಿಯ ಬಾಬತ್ತಿನೊಳಗೆ ಬರುವ ಕೆಲಸಕ್ಕೆ ಮಾತ್ರ ಈ ಹಣ ಸಲ್ಲುತ್ತದೆ.

ವಿದೇಶಿ ದೇಣಿಗೆಯ ವರ್ಗಾವಣೆಗೆ ನಿಷೇಧವಿರುವುದರಿಂದ, ಅಮೆರಿಕದಲ್ಲಿ ರೂಢಿಯಾಗಿರುವ ಆಶ್ರಯ ಸಂಸ್ಥೆಯ ಮಾದರಿಯನ್ನು ಭಾರತದಲ್ಲಿ ಹಾಗೆಯೇ ಅನುಸರಿಸುವುದು ಕಷ್ಟ.

## ತಂಡವು ಮೊದಲೇ ನಿರ್ಧರಿಸಬೇಕಾದ ಅಂಶಗಳು

ಸಾಮೂಹಿಕ ಸಂಪನ್ಮೂಲಗಳನ್ನು ಕುರಿತು 1990ರಲ್ಲಿ ಪ್ರಸಿದ್ಧ ಗ್ರಂಥವನ್ನು ಬರೆದು 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಎಲಿನಾರ್ ಆಸ್ಟ್ರಮ್, ನೀರಾವರಿ ಕಾಲುವೆ, ಗೋಮಾಳ, ಮೀನುಗಾರಿಕೆಯ ನೆಲೆಗಳನ್ನು ಸಮುದಾಯಗಳೇ ದೀರ್ಘಕಾಲ ಕಾಪಾಡಿಕೊಂಡು ಬಂದದ್ದನ್ನು ಅಧ್ಯಯನ ಮಾಡಿದರು. ಸದಸ್ಯರು ಯಾರೆಂಬ ಸ್ಪಷ್ಟ ಗಡಿ, ನಿಯಮ ರೂಪಿಸುವಲ್ಲಿ ಸದಸ್ಯರ ಪಾಲು, ಉಸ್ತುವಾರಿ, ಜಗಳ ತೀರಿಸುವ ಸುಲಭ ಮಾರ್ಗ ಇವು ಅವರು ಗುರುತಿಸಿದ ಲಕ್ಷಣಗಳಲ್ಲಿ ಕೆಲವು. ಇವನ್ನು ಆಧರಿಸಿ ತಂತ್ರಾಂಶ ತಂಡವೊಂದು, ಹಣ ಬರುವ ಮುನ್ನವೇ, ಕೆಳಗಿನ ಪ್ರಶ್ನೆಗಳಿಗೆ ಉತ್ತರ ಬರೆದಿಡುವುದು ಉಚಿತ:

1. ಹಣ ಯಾರ ಹೆಸರಿನ ಖಾತೆಗೆ ಬರುತ್ತದೆ? ತೆಗೆಯಲು ಎಷ್ಟು ಜನರ ಸಹಿ ಬೇಕು?
2. ಮೊದಲು ಯಾವ ಖರ್ಚು ಭರಿಸಬೇಕು? ಎಷ್ಟನ್ನು ಮುಂದಕ್ಕೆ ಉಳಿಸಬೇಕು?
3. ಪಾಲು ಪಡೆಯಲು ಯಾರು ಅರ್ಹರು? ಅನುವಾದ, ದಾಖಲೆ, ಪರಿಶೀಲನೆ ಮಾಡುವವರು ಅದರಲ್ಲಿ ಸೇರಿದ್ದಾರೆಯೇ?
4. ಪಾಲು ಬೇಡವೆನ್ನುವವರ ಮೊತ್ತ ಎಲ್ಲಿಗೆ ಹೋಗಬೇಕು?
5. ಹೆಚ್ಚು ಕೊಟ್ಟ ದಾನಿಯ ಬೇಡಿಕೆಗೆ ಕೆಲಸದಲ್ಲಿ ಆದ್ಯತೆ ಇದೆಯೇ? ಇಲ್ಲವಾದರೆ ಅದನ್ನು ಮೊದಲೇ ತಿಳಿಸಲಾಗಿದೆಯೇ?
6. ಲೆಕ್ಕಪತ್ರ ಎಲ್ಲಿ, ಎಷ್ಟು ದಿನಕ್ಕೊಮ್ಮೆ ಪ್ರಕಟವಾಗುತ್ತದೆ?
7. ಯೋಜನೆ ನಿಂತುಹೋದರೆ ಉಳಿದ ಹಣ ಯಾರಿಗೆ ಸೇರಬೇಕು?

ಇವುಗಳಲ್ಲಿ ಆರನೆಯದನ್ನು ಹೆಚ್ಚಿನವರು ಅತಿ ಮುಖ್ಯವೆಂದು ಪರಿಗಣಿಸುತ್ತಾರೆ. ಜಾತ್ರೆ ಮುಗಿದ ಮೇಲೆ ವಂತಿಗೆಯ ಪಟ್ಟಿ ಮತ್ತು ಖರ್ಚಿನ ವಿವರವನ್ನು ಗುಡಿಯ ಗೋಡೆಗೆ ಹಚ್ಚುವ ಪದ್ಧತಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಉಂಟು. ಕೊಟ್ಟವರು ತಮ್ಮ ಹೆಸರನ್ನೂ, ಕೊಡದವರು ಖರ್ಚಿನ ಸಾಲುಗಳನ್ನೂ ಅಲ್ಲಿ ಓದುತ್ತಾರೆ. ಮುಂದಿನ ವರ್ಷದ ವಂತಿಗೆ ಸುಗಮವಾಗಿ ಕೂಡುವುದು ಆ ಹಾಳೆಯ ಬಲದಿಂದ. ಸಂಕೇತವನ್ನು ಎಲ್ಲರಿಗೂ ತೆರೆದಿಟ್ಟ ಯೋಜನೆಯು ತನ್ನ ಲೆಕ್ಕವನ್ನೂ ಹಾಗೆಯೇ ತೆರೆದಿಡಬೇಕೆಂದು ಬಳಕೆದಾರರು ನಿರೀಕ್ಷಿಸುವುದು ಸಹಜವಾಗಿದೆ.

## ಟೀಕೆಗಳು

ದೇಣಿಗೆಯ ಮಾದರಿಯ ಬಗ್ಗೆ ಮುಖ್ಯವಾಗಿ ಮೂರು ಟೀಕೆಗಳಿವೆ. ಕಣ್ಣಿಗೆ ಕಾಣುವ, ಹೆಸರಾದ ಯೋಜನೆಗಳಿಗೆ ಹಣ ಹರಿದು ಬರುತ್ತದೆ. ಅವುಗಳ ಅಡಿಪಾಯವಾಗಿರುವ ಚಿಕ್ಕ ತಂತ್ರಾಂಶಗಳು ಗಮನಕ್ಕೆ ಬರುವುದಿಲ್ಲ. ದೊಡ್ಡ ದಾನಿಯ ಹಿತಕ್ಕೆ ತಕ್ಕಂತೆ ಯೋಜನೆಯ ದಿಕ್ಕು ಬಾಗುವ ಭಯವಿದೆ. ಮೂರನೆಯದಾಗಿ, ಸಾವಿರಾರು ಕೋಟಿ ಲಾಭ ಗಳಿಸುವ ಕಂಪನಿಗಳು ಬಳಸುವ ವಸ್ತುವಿನ ಪಾಲನೆಯನ್ನು ಅವುಗಳ ಔದಾರ್ಯಕ್ಕೆ ಬಿಡುವುದು ನ್ಯಾಯವಲ್ಲ, ಅದು ಅವುಗಳ ಕರ್ತವ್ಯವಾಗಬೇಕು ಎಂಬ ವಾದವಿದೆ. ಕಂಪನಿಗಳು ತಮ್ಮ ಪ್ರತಿಯೊಬ್ಬ ತಂತ್ರಾಂಶ ತಜ್ಞರ ಲೆಕ್ಕದಲ್ಲಿ ವರ್ಷಕ್ಕೆ ಕನಿಷ್ಠ 2,000 ಡಾಲರ್ ಅನ್ನು ನಿರ್ವಾಹಕರಿಗೆ ಸಲ್ಲಿಸಬೇಕೆಂಬ 'ಓಪನ್ ಸೋರ್ಸ್ ಪ್ಲೆಡ್ಜ್' 2024ರಲ್ಲಿ ಈ ವಾದದ ಹಿನ್ನೆಲೆಯಲ್ಲಿ ಆರಂಭವಾಯಿತು.

ಕನ್ನಡದಂತಹ ಭಾಷೆಗಳ ತಂತ್ರಾಂಶಗಳಿಗೆ ಮೊದಲನೆಯ ಟೀಕೆ ಹೆಚ್ಚು ಅನ್ವಯಿಸುತ್ತದೆ. ಅಕ್ಷರಶೈಲಿ, ಕೀಲಿಮಣೆ, ಪದಪಟ್ಟಿ, ಲಿಪಿ ಗುರುತಿಸುವ ಉಪಕರಣಗಳ ಬಳಕೆದಾರರು ಕೋಟಿಗಟ್ಟಲೆ ಇದ್ದರೂ ಅವುಗಳ ನಿರ್ವಾಹಕರು ಬೆರಳೆಣಿಕೆಯಷ್ಟು ಮಂದಿ. ಜಾಗತಿಕ ನಿಧಿಗಳು ಬಳಕೆಯ ವ್ಯಾಪ್ತಿಯನ್ನು ಅಳೆದು ಆರಿಸುವುದರಿಂದ, ಒಂದು ಭಾಷೆಗೆ ಸೀಮಿತವಾದ ಯೋಜನೆಗಳ ಪೋಷಣೆ ಬಹುಮಟ್ಟಿಗೆ ಆ ಭಾಷೆಯ ಜನರ, ಸಂಸ್ಥೆಗಳ ಮತ್ತು ಸರ್ಕಾರದ ಹೊಣೆಯಾಗಿಯೇ ಉಳಿದಿದೆ.